ಮರಳಿನ ಮೇಲೆ ಡೇರೆ, ಡೇರೆಯೊಳಗೆ ನೀರು

ರಾಜಸ್ಥಾನದ ಜೈಸಲ್ಮೇರ್ ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿಂದ ಮರಳಿನ ದಿಬ್ಬಗಳ ಸಾಲು ಶುರು. ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನವೂ ಇಲ್ಲೇ ಇದೆ. ಅಕ್ಟೋಬರ್ ಬಂತೆಂದರೆ ಇಲ್ಲಿ ಬಿಳಿಯ ಡೇರೆಗಳು ಸಾಲಾಗಿ ತಲೆಯೆತ್ತುತ್ತವೆ. ಡೇರೆ ಎಂದೊಡನೆ ಜಾತ್ರೆಯ ನಾಟಕದ ಕಂಪನಿಯವರದನ್ನು ನೆನೆಯಬೇಡಿ. ಒಳಗೆ ಜೋಡಿ ಮಂಚ, ರಜಾಯಿ, ನಿಲುವುಗನ್ನಡಿ. ಹಿಂಬದಿಗೆ ಬಿಸಿನೀರಿನ ಬಚ್ಚಲುಮನೆ. ಇದಕ್ಕೆ ಗ್ಲಾಂಪಿಂಗ್ ಎಂದು ಹೆಸರು. ಗ್ಲ್ಯಾಮರ್ ಮತ್ತು ಕ್ಯಾಂಪಿಂಗ್ ಎರಡನ್ನೂ ಸೇರಿಸಿ ಹೊಲಿದ ಪದ. ಪದವೇನೋ ಹೊಸದು, ಸಂಗತಿ ಮಾತ್ರ ಬಲು ಹಳೆಯದು.

ಜೋಧಪುರದ ಮೆಹ್ರಾನ್‌ಗಢ ಕೋಟೆಯ ವಸ್ತುಸಂಗ್ರಹಾಲಯದಲ್ಲಿ 17ನೆಯ ಶತಮಾನದ ಮೊಗಲ್ ಡೇರೆಯೊಂದಿದೆ. ಲಾಲ್ ಡೇರಾ ಎನ್ನುತ್ತಾರೆ. ಕೆಂಪು ರೇಷ್ಮೆಯ ಮಖಮಲ್ಲು, ಅದರ ಮೇಲೆ ಚಿನ್ನದ ಕೆಲಸ. ಬಟ್ಟೆಯ ಅರಮನೆ ಎಂದರೂ ತಪ್ಪಿಲ್ಲ. ಅದಕ್ಕೂ ಹಿಂದೆ ಅಕ್ಬರನ ಬಿಡಾರ ಹೇಗಿತ್ತೆಂದು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಲೆಕ್ಕ ಸಮೇತ ಬರೆದಿಟ್ಟಿದ್ದಾನೆ. ಒಂದು ಬಿಡಾರ ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ. ಡೇರೆ ಹೂಡಿ ಹಾಸುವ ಫರಾಶರು 1,000 ಮಂದಿ. ನೀರು ಹೊರುವವರು 100 ಮಂದಿ. ಬಾದಶಹನಿಗೆ ಕುಡಿಯಲು ಗಂಗೆಯ ನೀರೇ ಆಗಬೇಕು; ಪ್ರಯಾಣದಲ್ಲೂ ಗಡಿಗೆಗಳಿಗೆ ಮುದ್ರೆ ಹಾಕಿ ಹಿಂದೆಯೇ ತರುತ್ತಿದ್ದರಂತೆ. ಪಾಠಪುಸ್ತಕದಲ್ಲಿ ಈ ಬಾದಶಹನ ಯುದ್ಧಗಳನ್ನೆಲ್ಲ ಇಸವಿ ಸಮೇತ ಬಾಯಿಪಾಠ ಮಾಡಿಸುತ್ತೇವೆ. ಈ ನೂರು ಮಂದಿ ನೀರಿನವರನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿದ್ದನ್ನು ನಾನು ಕಾಣೆ.

ಆ ಬಾದಶಹ ತಾಯಿಯ ಹೊಟ್ಟೆಯಲ್ಲಿದ್ದಾಗ ಇದೇ ಮರುಭೂಮಿಯಲ್ಲಿ ಆಕೆಗೆ ನೀರೇ ಸಿಕ್ಕಿರಲಿಲ್ಲ. ಶೇರ್ ಶಾಹನಿಗೆ ಸೋತು ರಾಜ್ಯ ಕಳೆದುಕೊಂಡ ಹುಮಾಯೂನ್ 1542ರ ಬೇಸಿಗೆಯ ಧಗೆಯಲ್ಲಿ ಜೈಸಲ್ಮೇರ್ ಸೀಮೆಯನ್ನು ಹಾದು ಸಿಂಧದ ಉಮರಕೋಟೆಯ ಕಡೆಗೆ ಓಡುತ್ತಿದ್ದ. ಜೊತೆಗೆ ಹೆಂಡತಿ ಹಮೀದಾ ಬಾನು. ವಯಸ್ಸು ಹದಿನೈದರ ಆಸುಪಾಸು, ತುಂಬು ಬಸುರಿ. ನಮ್ಮ ಲೆಕ್ಕದಲ್ಲಿ ಒಂಬತ್ತು, ಹತ್ತನೆಯ ತರಗತಿಯ ಹುಡುಗಿ! ಈ ಮದುವೆಗೆ ಒಪ್ಪಲು ಆಕೆ ನಲವತ್ತು ದಿನ ಹಟ ಹಿಡಿದಿದ್ದಳಂತೆ. ಜೈಸಲ್ಮೇರಿನ ಅರಸನ ಕಡೆಯವರು ದಾರಿಯ ಬಾವಿಗಳಿಗೆ ಮರಳು ತುಂಬಿಸಿದರು. ಮುಂದೆ ಸಿಕ್ಕ ಬಾವಿಗಳೋ ಪಾತಾಳದಷ್ಟು ಆಳ. ನೀರು ಮೇಲೆ ಬಂದಾಗ ಜನ ಒಬ್ಬರ ಮೇಲೊಬ್ಬರು ಬಿದ್ದು ಕಾದಾಡಿದರು, ಬಾಯಾರಿಕೆಯಿಂದ ಸತ್ತವರೂ ಇದ್ದರು. ಇದರ ನಡುವೆ ಸರದಾರನೊಬ್ಬ, ಹಮೀದಾ ಏರಿದ್ದ ಕುದುರೆ ತನ್ನದೆಂದು ವಾಪಸು ಪಡೆದ. ಹುಮಾಯೂನ್ ತನ್ನ ಕುದುರೆಯನ್ನು ಆಕೆಗೆ ಬಿಟ್ಟುಕೊಟ್ಟು ತಾನು ಒಂಟೆ ಹತ್ತಿದ. ಉಮರಕೋಟೆಯ ರಾಣಾ ಆಶ್ರಯ ಕೊಟ್ಟ. ಅಕ್ಟೋಬರ್ 15ರಂದು ಅಲ್ಲಿ ಅಕ್ಬರ್ ಹುಟ್ಟಿದ.

ಆ ನಲವತ್ತು ದಿನದ ಹಟ ನಮಗೆ ತಿಳಿದಿರುವುದು ಒಬ್ಬ ಹೆಂಗಸಿನಿಂದ. ಹುಮಾಯೂನನ ತಂಗಿ ಗುಲ್ಬದನ್ ಬೇಗಂ, ಅಕ್ಬರನೇ ಕೇಳಿಕೊಂಡ ಮೇಲೆ, ಮುಪ್ಪಿನಲ್ಲಿ 'ಹುಮಾಯೂನ್ ನಾಮಾ' ಬರೆದಳು. ಆ ಪ್ರಯಾಣದಲ್ಲಿ ಆಕೆ ಇರಲಿಲ್ಲ. ಅತ್ತಿಗೆಯ ಬಾಯಿಂದ ಕೇಳಿ ಬರೆದಿರಬೇಕು. ಉಮರಕೋಟೆಯಲ್ಲಿ ಒಂದು ರೂಪಾಯಿಗೆ ನಾಲ್ಕು ಆಡು ಸಿಗುತ್ತಿದ್ದವೆಂಬುದನ್ನೂ ಆಕೆ ಬಿಟ್ಟಿಲ್ಲ. ಸಂತೆಯ ಧಾರಣೆ ನೆನಪಿಟ್ಟುಕೊಳ್ಳುವ ಚರಿತ್ರಕಾರ್ತಿ ಎಂದರೆ ನನಗೆ ಅಚ್ಚುಮೆಚ್ಚು.

ಹಾಗೆಂದು ಜೈಸಲ್ಮೇರಿನ ಜನ ನೀರಿಲ್ಲದೆ ಬದುಕಿದವರೆಂದು ತಿಳಿಯಬೇಡಿ. ವರ್ಷಕ್ಕೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಸೀಮೆ ಅದು. ಆದರೂ ಊರ ಬಾಗಿಲಲ್ಲಿ 14ನೆಯ ಶತಮಾನದ ಗಡೀಸರ್ ಕೆರೆ ಇದೆ. ಅದರ ಹೆಬ್ಬಾಗಿಲನ್ನು ಕಟ್ಟಿಸಿದವಳು ತೀಲೋ ಎಂಬ ವೇಶ್ಯೆ ಎಂದು ಪ್ರತೀತಿ. ಅವಳು ಕಟ್ಟಿಸಿದ ಬಾಗಿಲಿನಡಿ ಅರಸ ಹಾಯಬಾರದೆಂದು ಆಕ್ಷೇಪ ಬಂದಾಗ ಮೇಲೊಂದು ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳಂತೆ. ಗುಡಿಯನ್ನು ಕೆಡವುವ ಧೈರ್ಯ ಯಾರಿಗಿದೆ? ಬಾಗಿಲು ಉಳಿಯಿತು. ಹಳ್ಳಿಗಳಲ್ಲಿ ಪಾಲೀವಾಲ ಬ್ರಾಹ್ಮಣರು ಖಡೀನ್ ಕಟ್ಟಿದರು. ಕಲ್ಲುನೆಲದ ಇಳಿಜಾರಿನಲ್ಲಿ ಹರಿದು ಬಂದ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಒಡ್ಡು. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ. ಅವರು 19ನೆಯ ಶತಮಾನದಲ್ಲಿ ತೊರೆದ ಕುಲಧರಾ ಊರನ್ನು ಈಗ ದೆವ್ವದ ಊರೆಂದು ಪ್ರವಾಸಿಗಳಿಗೆ ತೋರಿಸುತ್ತಾರೆ. ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಎದ್ದು ಹೋದರೆಂಬುದು ಕತೆ. ಖಡೀನಿಗಿಂತ ದೆವ್ವಕ್ಕೆ ಗಿರಾಕಿ ಹೆಚ್ಚು, ಏನು ಮಾಡೋಣ!

ಸಹೋದ್ಯೋಗಿ ಟೀಚರುಗಳ ಜೊತೆ ಒಂದು ಡಿಸೆಂಬರಿನಲ್ಲಿ ನಾನೂ ಸಮ್‌ನ ಡೇರೆಯಲ್ಲಿ ಒಂದು ರಾತ್ರಿ ಇದ್ದೆ. ರಾತ್ರಿ ಹನ್ನೊಂದರವರೆಗೂ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು. ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದು ನಿಂತಿತು. ತುಸು ದೂರದಲ್ಲಿ ಇಬ್ಬರು ಹೆಂಗಸರು ಸಿಂಬಿಯ ಮೇಲೆ ಎರಡೆರಡು ಕೊಡ ಹೊತ್ತು ಸಾಗುತ್ತಿದ್ದರು. ನಮ್ಮ ಗಣಿತದ ಟೀಚರು ಬಚ್ಚಲಿನ ಷವರಿನ ಕೆಳಗೆ ಬಕೆಟ್ ಇಟ್ಟು ಎಣಿಸಿದರು: ಒಬ್ಬರ ಸ್ನಾನಕ್ಕೆ ನಾಲ್ಕು ಕೊಡದಷ್ಟು! "ಆ ಇಬ್ಬರೂ ಹೊತ್ತದ್ದೆಲ್ಲ ನನ್ನೊಬ್ಬಳ ಮೈಗೆ ಹೋಯ್ತಲ್ರೀ," ಎಂದರು. ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಆರಂಭವಾಗಿ, 1980ರ ದಶಕದಲ್ಲಿ ಪಂಜಾಬಿನ ನದಿನೀರು ಈ ಜಿಲ್ಲೆಯವರೆಗೆ ಬಂದಿದೆ. ಆದರೂ ಜಿಲ್ಲೆಗೆ ಬಂದ ನೀರು ಪ್ರತಿ ಹೊಸಿಲಿಗೂ ಬಂದಂತಲ್ಲ.

ರಾಷ್ಟ್ರೀಯ ಉದ್ಯಾನವನ್ನು ಘೋಷಿಸಿದ್ದು 1980ರಲ್ಲಿ. ಅದರೊಳಗೆ ಹತ್ತಾರು ಹಳ್ಳಿಗಳಿವೆ. ರಸ್ತೆ, ವಿದ್ಯುತ್ತು, ನಲ್ಲಿ ಯಾವುದಕ್ಕೂ ಉದ್ಯಾನದ ಕಾನೂನು ಅಡ್ಡ ಬರುತ್ತದೆಂದು ಅಲ್ಲಿನವರ ಬಹುಕಾಲದ ದೂರು. ಅಂಚಿನ ಡೇರೆಗಳಲ್ಲಿ ದೀಪ ಝಗಝಗಿಸುವಾಗ ಅವರಿಗೆ ಹೇಗೆ ಅನಿಸೀತು? ಆ ಕಾನೂನೂ ಸುಮ್ಮನೆ ಬಂದದ್ದಲ್ಲ. ಅದು ಗೋಡಾವಣ್ ಹಕ್ಕಿಗಾಗಿ. ಮೀಟರ್ ಎತ್ತರ ನಿಲ್ಲುವ, ಗಂಡಾದರೆ 15 ಕಿಲೋವರೆಗೂ ತೂಗುವ ಈ ಹಕ್ಕಿ ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಇದಕ್ಕೆ ಬೇಕಾದದ್ದು ಚಿತ್ರಪಟದ ಬೋಳು ಮರಳಲ್ಲ, ಸೇವಣ್ ಹುಲ್ಲಿನ ಬಯಲು. ಹಳ್ಳಿಯ ಹಸುವಿಗೆ ಬೇಕಾದದ್ದೂ ಅದೇ ಹುಲ್ಲು. ಬೋಳು ಮರಳು ಬೇಕಾಗಿರುವುದು ನಮಗೆ, ಫೋಟೋಕ್ಕೆ.

ಈಗ ದೇಶದ ಕಾಡಿನಲ್ಲಿ ಉಳಿದಿರುವ ಗೋಡಾವಣ್‌ಗಳು 150ರ ಆಸುಪಾಸು, ಹೆಚ್ಚಿನವು ಈ ಥಾರ್ ಸೀಮೆಯಲ್ಲೇ. ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತವೆಂದು 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಲು ಹೇಳಿತ್ತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸಮ್‌ನಲ್ಲೇ, ಡೇರೆಗಳಿಂದ ಬಹಳ ದೂರವಲ್ಲದ ಕಡೆ, ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಬೆಳೆಸುವ ಕೇಂದ್ರವಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಒಂದು ಮರಿ ಹುಟ್ಟಿತು.

ನಮ್ಮ ಕಡೆ ಇದೇ ಹಕ್ಕಿಗೆ ಎರೆಭೂತ ಎನ್ನುತ್ತಾರೆ, ಎರೆ ಹೊಲಗಳಲ್ಲಿ ಕಾಣುತ್ತಿದ್ದುದರಿಂದ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಲ್ಲೂ ಇತ್ತು. ಅಲ್ಲಿ ನೀಲಗಿರಿ ನೆಡುತೋಪು ಎದ್ದು ಹುಲ್ಲುಬಯಲು ಮುಚ್ಚಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ. ಅಲ್ಲಿ ಇನ್ನೂ ಯಾರೂ ಡೇರೆ ಹಾಕಿಲ್ಲ.