ತಂತ್ರಾಂಶ ಕೈಪಿಡಿಯಲ್ಲಿ ವೃತ್ತ ನಕ್ಷೆ: ಬೇಕಾದಂತೆ ಬದಲಿಸಿಕೊಳ್ಳುವ ವಿಧಾನ

ಒಟ್ಟು ಮೊತ್ತದಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ವೃತ್ತದ ಹೋಳುಗಳಾಗಿ ತೋರಿಸುವ ಚಿತ್ರವೇ ವೃತ್ತ ನಕ್ಷೆ ಅಥವಾ ಪೈ ಚಾರ್ಟ್. ಶಾಲೆಯ ಗಣಿತದಲ್ಲಿ ಇದನ್ನು ಕೈವಾರ, ಕೋನಮಾಪಕ ಹಿಡಿದು ಬಿಡಿಸುತ್ತಾರೆ. ತಂತ್ರಾಂಶದ ಜೊತೆ ಬರುವ ಕೈಪಿಡಿಗಳಲ್ಲೂ ಇದರ ಬಳಕೆ ಇದೆ. ಡಿಸ್ಕಿನಲ್ಲಿ ಯಾವ ಕಡತ ಎಷ್ಟು ಜಾಗ ಹಿಡಿದಿದೆ, ಬಂದ ದೂರುಗಳಲ್ಲಿ ಯಾವ ಬಗೆಯವು ಹೆಚ್ಚು ಎಂಬಂಥ ವಿಷಯಗಳು ಇದರಿಂದ ಒಂದೇ ನೋಟಕ್ಕೆ ತಿಳಿಯುತ್ತವೆ.

ವೃತ್ತ ನಕ್ಷೆಯನ್ನು ಮೊದಲು ಮುದ್ರಿಸಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1801ರ ತನ್ನ ಪುಸ್ತಕದಲ್ಲಿ ಟರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾ ಖಂಡಗಳಲ್ಲಿ ಹೇಗೆ ಹಂಚಿದೆ ಎಂಬುದನ್ನು ಆತ ಹೀಗೆ ತೋರಿಸಿದ.

ಚಿತ್ರ ಅಂಟಿಸಿದರೆ ಆಗುವ ತೊಂದರೆ

ನಕ್ಷೆಯನ್ನು ಬೇರೆಡೆ ಬಿಡಿಸಿ, ಚಿತ್ರವಾಗಿ ಕೈಪಿಡಿಗೆ ಅಂಟಿಸುವುದು ಹಳೆಯ ರೂಢಿ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಬರಹವನ್ನು ತಿದ್ದುತ್ತಾರೆ, ಚಿತ್ರ ಮಾತ್ರ ಹಳೆಯದೇ ಉಳಿಯುತ್ತದೆ. ಹಾಲಿನ ಸಂಘದ ಲೆಕ್ಕದ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಡಿಸ್ಕಿನ ಹೆಚ್ಚಿನ ಜಾಗ ಹಿಡಿದಿರುವುದು ಬೇಡದ ಕಡತ ಎಂದು ಹಳೆಯ ಚಿತ್ರ ತೋರಿಸುತ್ತಿದ್ದು, ಈಗ ಆ ಜಾಗದಲ್ಲಿ ಸದಸ್ಯರ ಲೆಕ್ಕವೇ ಕುಳಿತಿದ್ದರೆ, ಚಿತ್ರ ನಂಬಿ ಕಡತ ಅಳಿಸಿದ ಗುಮಾಸ್ತ ತಿಂಗಳ ಬಟವಾಡೆಯ ಲೆಕ್ಕವನ್ನೇ ಕಳೆದುಕೊಳ್ಳಬಹುದು.

ಅನುವಾದಕ್ಕೂ ಚಿತ್ರ ಅಡ್ಡಿ. ಚಿತ್ರದೊಳಗಿನ ಹೆಸರುಗಳನ್ನು ಬದಲಿಸಲು ಮೂಲ ಕಡತ ಬೇಕು, ಅದು ಸಿಗದಿದ್ದರೆ ಎಲ್ಲವನ್ನೂ ಮತ್ತೆ ಬಿಡಿಸಬೇಕು. ಇದಕ್ಕೆ ಪರಿಹಾರ, ನಕ್ಷೆಯನ್ನು ಚಿತ್ರವಾಗಿ ಅಂಟಿಸದೆ ಬರಹವಾಗಿಯೇ ಕೈಪಿಡಿಯಲ್ಲಿ ಇಡುವುದು.

ಮರ್ಮೇಡ್ ಎಂಬ ಸಾಧನ

ಬರಹದಿಂದ ನಕ್ಷೆ ಬಿಡಿಸುವ ಸಾಧನಗಳಲ್ಲಿ ಮರ್ಮೇಡ್ ಹೆಸರಾದದ್ದು. ಸ್ವೀಡನ್ನಿನ ಕ್ನೂಟ್ ಸ್ವೈಡ್‌ಕ್ವಿಸ್ಟ್ 2014ರಲ್ಲಿ ಇದನ್ನು ಆರಂಭಿಸಿದರು. ಇದು ಉಚಿತ, ಮುಕ್ತ ತಂತ್ರಾಂಶ. ಮಾರ್ಕ್‌ಡೌನ್ ಎಂಬ ಸರಳ ವಿಧಾನದಲ್ಲಿ ಬರೆದ ಕೈಪಿಡಿಗಳಲ್ಲಿ ಇದನ್ನು ಬಳಸಬಹುದು. ಗಿಟ್‌ಲ್ಯಾಬ್ ತಾಣದಲ್ಲಿ ಇದಕ್ಕೆ ಅವಕಾಶವಿದೆ, ಗಿಟ್‌ಹಬ್ ತಾಣ 2022ರ ಫೆಬ್ರವರಿಯಲ್ಲಿ ಇದನ್ನು ಸೇರಿಸಿತು. ಸ್ಫಿಂಕ್ಸ್‌ನಂಥ ಕೈಪಿಡಿ ತಯಾರಿಕೆಯ ತಂತ್ರಾಂಶಗಳಲ್ಲಿ ಪ್ರತ್ಯೇಕ ಜೋಡಣೆ ಹಾಕಿಕೊಳ್ಳಬೇಕು.

ಬರೆಯುವ ಕ್ರಮ

ನಕ್ಷೆಯ ಭಾಗದ ಮೊದಲಿಗೂ ಕೊನೆಗೂ ಮೂರು ಮೂರು ಬ್ಯಾಕ್‌ಟಿಕ್ ಚಿಹ್ನೆ ಹಾಕಬೇಕು. ಕೀಲಿಮಣೆಯಲ್ಲಿ ಅಂಕೆ 1ರ ಎಡಕ್ಕಿರುವ ಕೀಲಿ ಇದು. ಮೊದಲಿನ ಚಿಹ್ನೆಗಳಿಗೆ ತಾಗಿ ಮರ್ಮೇಡ್ ಎಂದು, ಮುಂದಿನ ಸಾಲಿನಲ್ಲಿ ಪೈ ಎಂದು, ಅದರ ಕೆಳಗೆ ಟೈಟಲ್ ಎಂದು ಬರೆದು ನಕ್ಷೆಯ ಶೀರ್ಷಿಕೆ ಕೊಡಬೇಕು. ಈ ಮೂರು ಪದಗಳು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಬೇಕು. ಶೀರ್ಷಿಕೆ ಮತ್ತು ಹೋಳುಗಳ ಹೆಸರು ಕನ್ನಡದಲ್ಲಿರಬಹುದು. ನಂತರ ಒಂದೊಂದು ಹೋಳಿಗೂ ಒಂದೊಂದು ಸಾಲು:

"ಹಾಲಿನ ಲೆಕ್ಕ" : 30
"ಫೋಟೋಗಳು" : 12
"ಇತರೆ" : 8

ಇಲ್ಲಿ ಒಟ್ಟು 50 ಜಿಬಿ. ಶೇಕಡಾ ಲೆಕ್ಕವನ್ನು ಮರ್ಮೇಡ್ ತಾನೇ ಮಾಡಿ ಶೇ. 60, 24, 16 ಎಂದು ಹೋಳುಗಳ ಮೇಲೆ ತೋರಿಸುತ್ತದೆ. ಕೈಯಲ್ಲಿ ಬಿಡಿಸಿದರೆ ಇವು 216, 86.4 ಮತ್ತು 57.6 ಡಿಗ್ರಿ ಕೋನಗಳು. ಮುಂದಿನ ವರ್ಷ ಅಂಕೆ ಬದಲಾದರೆ ಆ ಒಂದು ಅಂಕೆ ತಿದ್ದಿದರೆ ಸಾಕು. ಎಲ್ಲ ಅಂಕೆಗಳೂ ಸೊನ್ನೆಗಿಂತ ಹೆಚ್ಚಿರಬೇಕು.

ಬದಲಿಸಿಕೊಳ್ಳಬಹುದಾದ ಅಂಶಗಳು

* ಮೂಲ ಅಂಕೆ: ಪೈ ಪದದ ಮುಂದೆ ಶೋಡೇಟಾ ಎಂದು, ಇಂಗ್ಲಿಷಿನಲ್ಲಿ ಡಿ ಅಕ್ಷರ ಮಾತ್ರ ದೊಡ್ಡದಾಗಿ ಸೇರಿಸಿ ಬರೆದರೆ, ಪಕ್ಕದ ಬಣ್ಣದ ಪಟ್ಟಿಯಲ್ಲಿ 30, 12, 8 ಎಂಬ ಮೂಲ ಅಂಕೆಗಳೂ ಕಾಣುತ್ತವೆ.
* ಬಣ್ಣ: ಸಿದ್ಧ ಬಣ್ಣವಿನ್ಯಾಸಗಳಲ್ಲಿ ತಿದ್ದಲು ಬರುವುದು ಬೇಸ್ ಎಂಬುದು ಮಾತ್ರ. ಅದರಲ್ಲಿ ಪೈ1ರಿಂದ ಪೈ12ರವರೆಗಿನ ಹೆಸರುಗಳಿಗೆ ಬೇಕಾದ ಬಣ್ಣ ಕೊಡಬಹುದು. ಗೆರೆಯ ಬಣ್ಣ, ದಪ್ಪ, ಅಕ್ಷರದ ಗಾತ್ರವನ್ನೂ ಹೀಗೆಯೇ ಬದಲಿಸಬಹುದು.
* ಶೇಕಡಾ ಅಂಕೆಯ ಜಾಗ: ಇದನ್ನು 0ಯಿಂದ 1ರವರೆಗಿನ ಅಳತೆಯಲ್ಲಿ ಹೇಳಬೇಕು. 0 ಎಂದರೆ ವೃತ್ತದ ನಡು, 1 ಎಂದರೆ ಅಂಚು. ಏನೂ ಹೇಳದಿದ್ದರೆ 0.75.

ಕನ್ನಡದ ಹೆಸರುಗಳು

ಹೋಳುಗಳ ಹೆಸರು ಯೂನಿಕೋಡ್‌ನಲ್ಲಿರಬೇಕು. ಕನ್ನಡ, ತಮಿಳು, ತೆಲುಗು, ಮಲಯಾಳಂ, ದೇವನಾಗರಿ ಲಿಪಿಗಳು 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಇದ್ದವು. ಆದ್ದರಿಂದ ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆ ನಡೆಯುವ ಗಡಿ ಊರುಗಳಲ್ಲಿ ಒಂದೇ ಸಾಲಿನಲ್ಲಿ ಎರಡು ಲಿಪಿಯ ಹೆಸರು ಬರೆಯಬಹುದು, ಇಲ್ಲವೇ ಅದೇ ಅಂಕೆಗಳನ್ನಿಟ್ಟು ಎರಡು ನಕ್ಷೆ ಮಾಡಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಂದು ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಮುದ್ರಣಕ್ಕಾಗಿ ನಕ್ಷೆಯನ್ನು ಚಿತ್ರ ಅಥವಾ ಪಿಡಿಎಫ್ ಮಾಡುವ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ.

ಎಲ್ಲಿ ಬಳಸಬಾರದು?

ಎಲ್ಲ ಹೋಳುಗಳೂ ಸೇರಿ ಒಂದು ಪೂರ್ಣ ಮೊತ್ತವಾಗುವಲ್ಲಿ ಮಾತ್ರ ವೃತ್ತ ನಕ್ಷೆ ಸರಿ. ಒಬ್ಬರೇ ಎರಡು ಮೂರು ಉತ್ತರ ಕೊಟ್ಟಿರುವ ಸಮೀಕ್ಷೆಗೆ ಇದನ್ನು ಹಾಕಬಾರದು. ಮರ್ಮೇಡ್ ತಪ್ಪು ಹೇಳದೆ, ಆ ಅಂಕೆಗಳನ್ನೂ 100ಕ್ಕೆ ಹೊಂದಿಸಿ ಬಿಡಿಸಿಬಿಡುತ್ತದೆ.

ಕಣ್ಣು ಕೋನಕ್ಕಿಂತ ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ಹೆಚ್ಚು ಸರಿಯಾಗಿ ಅಳೆಯುತ್ತದೆ ಎಂಬುದನ್ನು ಅಮೆರಿಕದ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಯೋಗದಿಂದ ತೋರಿಸಿದರು. ಶೇ. 22 ಮತ್ತು 25ರಂಥ ಹತ್ತಿರದ ಪಾಲುಗಳಿಗೆ, ಆರಕ್ಕಿಂತ ಹೆಚ್ಚು ಹೋಳುಗಳಿಗೆ ಸ್ತಂಭ ನಕ್ಷೆಯೇ ಲೇಸು.

ಕೆಂಪು, ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ. ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ ಯಾವ ಬಣ್ಣವೂ ಉಳಿಯುವುದಿಲ್ಲ. ಆದ್ದರಿಂದ ಒಂದು ತಿಳಿ, ಒಂದು ಗಾಢ ಬಣ್ಣವನ್ನು ಪಕ್ಕಪಕ್ಕ ಬರುವಂತೆ ಆರಿಸಬೇಕು. ನಕ್ಷೆಯ ಕೆಳಗೆ ಅದೇ ಅಂಕೆಗಳ ಚಿಕ್ಕ ಕೋಷ್ಟಕ, ಅಂಕೆ ಯಾವ ತಿಂಗಳಿನದು, ತಂತ್ರಾಂಶದ ಯಾವ ಆವೃತ್ತಿಯದು ಎಂಬ ಒಂದು ಸಾಲು ಇರಬೇಕು. ಆಗ ಕಡತ ಅಳಿಸುವ ಮುನ್ನ, ನಕ್ಷೆ ಈಗಿನದೋ ಹಳೆಯದೋ ಎಂದು ಓದುವವರೇ ನೋಡಿಕೊಳ್ಳಬಹುದು.