ತೋಟಾ ಆರಿಸಿದವರು ಯಾರು?

ಆಸ್ಪರಿ ಸೀಮೆಯ ಕೇಳುಗರೇ, ಕನ್ನಡದ ತೋಟಾ, ತೆಲುಗಿನ ತೂಟಾ ಎರಡೂ ನಿಮಗೆ ಗೊತ್ತು. 1953ರವರೆಗೆ ನಿಮ್ಮ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಈ ಮರವಿಲ್ಲದ ಬಯಲಲ್ಲಿ ಕೃಷ್ಣಮೃಗ ದೂರದಿಂದಲೇ ಆಳನ್ನು ಕಂಡು ಓಡುತ್ತದೆ. ಆದ್ದರಿಂದ ಬೇಟೆಗಾರನಿಗೆ ವೇಗವಾಗಿ, ನೇರವಾಗಿ ಹೋಗುವ ಗುಂಡು ಬೇಕು. ಸೈನ್ಯದ ತ್ರೀ ನಾಟ್ ತ್ರೀ ಅಂಥದ್ದೇ. ಆದರೆ ಸೈನ್ಯದ ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಅದನ್ನು ತಡೆಯಿತು. ಬದಲಿಗೆ ಸಿಕ್ಕಿದ್ದು .315. ಸ್ವಾತಂತ್ರ್ಯದ ನಂತರ ಬಂಗಾಳದ ಇಛಾಪುರ ಕಾರ್ಖಾನೆಯೂ ಅದೇ ಅಳತೆಯ ರೈಫಲ್ ಮಾಡಿತು. ಅದರ ಗುಂಡು ತೂಕದ್ದು, ವೇಗ ಕಡಿಮೆ. ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ. ಅಂದರೆ ತೋಟಾ ಆರಿಸಿದ್ದು ಬೇಟೆಗಾರನಲ್ಲ, ಸರ್ಕಾರ.

1972ರ ವನ್ಯಜೀವಿ ಕಾಯ್ದೆ ಆ ಬೇಟೆಯನ್ನೇ ನಿಲ್ಲಿಸಿತು. ಮೊಳಕೆಯ ಕಡಲೆಯನ್ನು ಹಿಂಡು ಮೇಯ್ದಾಗ ನಿಮಗೆ ಸಿಟ್ಟು ಬರುವುದು ಸಹಜ. ಕೂಗಿ ಓಡಿಸಿರಿ, ಪರಿಹಾರ ಕೇಳಿರಿ. ತೂಟಾ ಮಾತ್ರ ಬೇಡ.