ಹಿರಿಯ ಪ್ರಾಥಮಿಕ ಹಂತದಲ್ಲಿ ಮಕ್ಕಳ ವಿಂಗಡಣೆ: ದಾವಣಗೆರೆ–ಹರಿಹರ

ಓದಿನ ಮಟ್ಟ ನೋಡಿ ಮಕ್ಕಳನ್ನು ಬೇರೆ ಬೇರೆ ಸೆಕ್ಷನ್, ಮಾಧ್ಯಮ ಅಥವಾ ಶಾಲೆಗೆ ಹಚ್ಚುವ ಪದ್ಧತಿ. ದಾವಣಗೆರೆ ನಗರ ಮತ್ತು ಹರಿಹರದ ಸರ್ಕಾರಿ ಶಾಲೆಗಳ ಮಟ್ಟಿಗೆ ಇದರ ಬಹುಭಾಗ ನಡೆಯುವುದು ತರಗತಿಯ ಹೊರಗೆ, ಮಗುವಿನ ಐದನೇ ತರಗತಿ ಮುಗಿಯುವ ಮುಂಚೆ, ತಂದೆತಾಯಿ ಯಾವ ಅರ್ಜಿ ತುಂಬಬೇಕೆಂದು ಕೂತು ಯೋಚಿಸುವಾಗ.

ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದದ್ದು 1868ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ 1913ರಲ್ಲಿ. ಆ ಕಾಲಕ್ಕೆ ಹರಿಹರ ಗಡಿಯ ಊರು. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಈಚೆ ದಡದ ಹುಡುಗ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತರೆ ಆಚೆಯವನು ಮುಲ್ಕಿ ಪರೀಕ್ಷೆಗೆ ಕೂರುತ್ತಿದ್ದ. ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಆಮೇಲೆಯೂ ದಶಕಗಳ ಕಾಲ ಉಳಿಯಿತು. ಅದರಲ್ಲಿ ನಪಾಸಾದವರಿಗೆ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು, ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಗಿರಣಿಗಳು ಒಂದೊಂದಾಗಿ ನಿಂತು, ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿದ ಮೇಲೆ ಆ ದಾರಿ ಮುಚ್ಚಿತು. ಮಕ್ಕಳ ಓದಿನ ಬಗ್ಗೆ ಈ ಎರಡು ಊರುಗಳ ಆತಂಕ ಬೇಗ ಶುರುವಾಗುವುದಕ್ಕೆ ಯಾವುದೇ ಶಿಕ್ಷಣ ನೀತಿಗಿಂತ ಇದೇ ದೊಡ್ಡ ಕಾರಣವೆಂದು ತೋರುತ್ತದೆ.

ಮಕ್ಕಳ ದಾರಿ ಕವಲೊಡೆಯುವ ಹಂತ ಏಳನೇ ತರಗತಿಯಿಂದ ಐದಕ್ಕೆ ಇಳಿದದ್ದು ವಸತಿ ಶಾಲೆಗಳಿಂದ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಸುಪಾಸಿನಲ್ಲಿ ನವೋದಯ ವಿದ್ಯಾಲಯಗಳು ಬಂದವು. ದಾವಣಗೆರೆ ಜಿಲ್ಲೆಯದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ. ಆರನೇ ತರಗತಿಗೆ ಗರಿಷ್ಠ 80 ಸೀಟು; ಪ್ರವೇಶ ಪರೀಕ್ಷೆಯ 100 ಅಂಕಗಳಲ್ಲಿ 50 ಮಾನಸಿಕ ಸಾಮರ್ಥ್ಯಕ್ಕೆ, ಉಳಿದದ್ದು ಗಣಿತ ಮತ್ತು ಭಾಷೆಗೆ ಸಮಪಾಲು. ಒಮ್ಮೆ ಬರೆದವರು ಮತ್ತೆ ಬರೆಯುವಂತಿಲ್ಲ. ಸೀಟುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ, ಅದೂ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ. ಮಗುವನ್ನು ನಾಲ್ಕಕ್ಕೇ ದಾವಣಗೆರೆಯ ಶಾಲೆಗೆ ತಂದರೆ ಈ ಮೀಸಲು ಕೈತಪ್ಪುತ್ತದೆ. ಹಳ್ಳಿಯಲ್ಲೇ ಬಿಟ್ಟರೆ ಪೇಟೆಯ ಟ್ಯೂಷನ್ ಸಿಗುವುದಿಲ್ಲ. ಸುತ್ತಲಿನ ಹಳ್ಳಿಗಳ ಪೋಷಕರು ತೂಗಿ ನೋಡುವುದು ಇದನ್ನೇ. ಪರೀಕ್ಷೆ ಬರೆಯುವ ವರ್ಷ ಮಗು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕೆಂಬ ಇನ್ನೊಂದು ನಿಯಮದಿಂದ ನದಿ ಈಗಲೂ ಗಡಿಯೇ: ಸೇತುವೆಯಾಚೆಯ ಕುಮಾರಪಟ್ಟಣದ ಮಗು ಹಾವೇರಿ ಜಿಲ್ಲೆಯ ಪಟ್ಟಿಗೆ ಹೋಗುತ್ತದೆ.

ನವೋದಯ ಸಿಗದಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಅದೂ ಇಲ್ಲದಿದ್ದರೆ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಈ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ, ಪ್ರವೇಶ ಪರೀಕ್ಷೆಯ ಮೂಲಕ. ಮಕ್ಕಳನ್ನು ಸೋಸುವ ಪರೀಕ್ಷೆ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ ಮೇಲೂ ಇವೆಲ್ಲ ನಿಂತಿಲ್ಲ. ಇಂಗ್ಲೆಂಡಿನಲ್ಲಿ 1944ರ ಕಾಯ್ದೆಯ ನಂತರ ಹನ್ನೊಂದರ ಪ್ರಾಯದಲ್ಲಿ ನಡೆಯುತ್ತಿದ್ದ ಆಯ್ಕೆ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಮಕ್ಕಳನ್ನು ಬೇರೆ ಮಾಡುತ್ತಿತ್ತು. ಇಲ್ಲಿ ವಸತಿ ಶಾಲೆಗಳು ಹೀಗೆ ಆಯ್ದು ಒಯ್ದಾಗ ಊರ ಶಾಲೆಯ ಆರನೇ ತರಗತಿ ತನ್ನ ಚುರುಕು ಮಕ್ಕಳನ್ನು ಕಳೆದುಕೊಳ್ಳುತ್ತದೆ. ನೆರೆಹೊರೆ ಶಾಲೆಯ ಪರವಾಗಿ ಮಾತಾಡಿದ ಕೊಠಾರಿ ಆಯೋಗ (1964–66) ಎಚ್ಚರಿಸಿದ್ದು ಇಂಥ ಬೇರ್ಪಡಿಕೆಯನ್ನೇ.

ಮಾಧ್ಯಮದ ವಿಂಗಡಣೆ ಬೇರೆ ಬಗೆಯದು. ಎರಡೂ ಊರುಗಳಲ್ಲಿ ಕನ್ನಡದ ಜೊತೆ ಉರ್ದು ಸರ್ಕಾರಿ ಶಾಲೆಗಳಿವೆ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡ ಎಂದ 1994ರ ಭಾಷಾ ನೀತಿಯ ಕಡ್ಡಾಯವನ್ನು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಒಪ್ಪಲಿಲ್ಲ. 2019ರಲ್ಲಿ ಸರ್ಕಾರವೇ ರಾಜ್ಯದ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ತೆರೆಯಿತು. ಸಾಹಿತಿಗಳು ವಿರೋಧಿಸಿದರು. ಒಂದೇ ಕಾಂಪೌಂಡಿನಲ್ಲಿ ಎರಡು ಮಾಧ್ಯಮ ಬಂದರೆ ಹೆಸರಿಗೆ ಭಾಷೆಯ ವಿಭಾಗ. ‘ಹುಷಾರು ಮಕ್ಕಳು’ ಎಲ್ಲಿರುತ್ತಾರೆ ಎಂಬುದು ಮಕ್ಕಳಿಗೂ ಗೊತ್ತಾಗಿಬಿಡುತ್ತದೆ.

ಕೊಠಡಿಯೊಳಗಿನ ಗುಂಪುಗಳು ಇಷ್ಟು ಕಠಿಣವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲು ನೋಡಿಕೊಂಡು ಶಿಕ್ಷಕರ ಬಳಿಯೋ ಗೆಳೆಯರ ಜೊತೆಯೋ ಕೂರುತ್ತಾರೆ. ಮೆಟ್ಟಿಲು ಏರಿದಂತೆ ಜಾಗ ಬದಲಾಗುತ್ತದೆ. ನಾಲ್ಕು, ಐದನೇ ತರಗತಿಗಳ ‘ಓದು ಕರ್ನಾಟಕ’ ಕಾರ್ಯಕ್ರಮವೂ ಓದುವ ಮಟ್ಟಕ್ಕೆ ತಕ್ಕ ಗುಂಪು ಮಾಡುತ್ತದೆ. ಹಿರಿಯ ಪ್ರಾಥಮಿಕದಲ್ಲಿ ಉಳಿಯುವುದು ಹಿಂದುಳಿದವರಿಗಾಗಿನ ‘ಪರಿಹಾರ ಬೋಧನೆ’. ಪ್ರೌಢಶಾಲೆಗೆ ಹೋದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾಗುವಷ್ಟನ್ನು ಕಲಿಸುವ ‘ಪಾಸಿಂಗ್ ಪ್ಯಾಕೇಜ್’.

ಪರೀಕ್ಷೆಯ ಪ್ರಶ್ನೆ 2023ರಲ್ಲಿ ಮರಳಿ ಬಂತು. ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸುವ ಆದೇಶವನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿದರೆ ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ಕೊಟ್ಟಿತು. ಮರುವರ್ಷ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಇದೆಲ್ಲ ಮೇಲಿನ ಹಂತದ ಮಾತಾಯಿತು; ಪೋಷಕರಿಗೆ ಶಾಲೆಯಲ್ಲಿ ಅಧಿಕೃತ ದನಿ ಕೊಟ್ಟದ್ದು 2001ರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಇಂಗ್ಲಿಷ್ ಸೆಕ್ಷನ್ ಬೇಕೆಂದು ಅದು ಠರಾವು ಮಾಡಬಹುದು, ಮಂಜೂರು ಮಾಡುವುದು ಇಲಾಖೆ. ನವೋದಯದ ಅರ್ಜಿ ತುಂಬಲು ಮಾತ್ರ ಯಾವ ಠರಾವೂ ಬೇಡ. ಅದನ್ನು ಪ್ರತಿ ಮನೆ ತನ್ನಷ್ಟಕ್ಕೆ ತುಂಬುತ್ತದೆ.